ವೆಬ್ ಡೆವಲಪರ್‌ನ ಕೌಶಲ ಪರೀಕ್ಷೆ: ಪ್ರಶ್ನೆ ಬರೆಯುವ ವೃತ್ತಿ ಮತ್ತು ಅದರ ಲೆಕ್ಕಪತ್ರ

ಕಳೆದ ಕೆಲವು ವರ್ಷಗಳಿಂದ ಭಟ್ಕಳ, ಹೊನ್ನಾವರ ಹಾಗೂ ಕುಮಟಾ ಭಾಗದ ವರ್ತಕ ಬಂಧುಗಳು ವಾರ್ಷಿಕ ಲೆಕ್ಕಪತ್ರಗಳೊಂದಿಗೆ ಬಂದಾಗ ಎರಡು ಪ್ರಶ್ನೆಗಳನ್ನು ಪದೇ ಪದೇ ಕೇಳುತ್ತಿದ್ದಾರೆ. ಮೊದಲನೆಯದು: "ಅಂಗಡಿಗೆ ವೆಬ್‌ಸೈಟ್ ಮಾಡಿಸಬೇಕು, ಮಾಡುವ ಹುಡುಗನಿಗೆ ಕೆಲಸ ಬರುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ?" ಎರಡನೆಯದು ಇನ್ನೂ ಹೊಸದು: "ಮಗಳು ವೆಬ್ ಡೆವಲಪರ್. ಮನೆಯಲ್ಲಿಯೇ ಕುಳಿತು ಯಾವುದೋ ಕಂಪನಿಗೆ ಪರೀಕ್ಷೆಯ ಪ್ರಶ್ನೆಗಳನ್ನು ಬರೆದು ಕೊಡುತ್ತಾಳೆ, ಬ್ಯಾಂಕಿಗೆ ಡಾಲರ್ ಬರುತ್ತದೆ. ಇದನ್ನು ಯಾವ ಆದಾಯವೆಂದು ತೋರಿಸಬೇಕು?" ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಮೂಲದಲ್ಲಿ ಒಂದೇ ಆಗಿವೆ. ಕಣ್ಣಿಗೆ ಕಾಣದ ಕೌಶಲವೆಂಬ ಸರಕಿಗೆ ದರ್ಜೆ ನಿಗದಿಪಡಿಸುವುದು ಹೇಗೆ, ಆ ದರ್ಜೆ ನಿಗದಿಪಡಿಸುವವನಿಗೆ ಸಲ್ಲತಕ್ಕ ಪ್ರತಿಫಲವೇನು ಎಂಬುದೇ ಎರಡರ ತಿರುಳು. ಆದುದರಿಂದ ಇವೆರಡನ್ನೂ ಒಟ್ಟಿಗೇ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ದರ್ಜೆಯ ವ್ಯವಹಾರ ನಮ್ಮ ಕರಾವಳಿಗೆ ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದಾಗ, ಪೇಟೆಯಲ್ಲಿ ಆ ಹತ್ತಿಯ ಹೆಸರೇ 'ಕುಮಟಾ' ಎಂದಾಗಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಹತ್ತಿಯ ಬೆಲೆ ಗಗನಕ್ಕೇರಿದ ದಿನಗಳಲ್ಲಿ ಕಲಬೆರಕೆ ವಿಪರೀತವಾಗಿ, 1863ರಲ್ಲಿ ಮುಂಬಯಿ ಪ್ರಾಂತದಲ್ಲಿ ಹತ್ತಿ ವಂಚನೆ ತಡೆಯುವ ಕಾಯ್ದೆಯನ್ನೇ ತರಬೇಕಾಯಿತು. 1880ರ ದಶಕದ ಕೊನೆಯಲ್ಲಿ ಮುರ್ಮುಗೋವಾ ಬಂದರಿಗೆ ರೈಲುಮಾರ್ಗವಾದ ಮೇಲೆ ವ್ಯಾಪಾರವು ಕುಮಟೆಯನ್ನು ಬಿಟ್ಟುಹೋದರೂ ಹತ್ತಿಯ ದರ್ಜೆಗೆ ಆ ಹೆಸರು ಉಳಿದುಕೊಂಡಿತು. ಇಂದಿಗೂ ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕ, ಫ್ಯಾಕ್ಟರಿ ಎಂದು ಅಡಿಕೆಯನ್ನು ವಿಂಗಡಿಸದೆ ಟೆಂಡರ್ ನಡೆಯುವುದಿಲ್ಲ. ಚೀಲದ ಮೇಲಿನ ಚೀಟಿಯನ್ನು ನಂಬಿ ಖರೀದಿ ಮಾಡುವ ವರ್ತಕನಿಲ್ಲ. ಅಡಿಕೆಯನ್ನು ಕತ್ತರಿಸಿ ಒಳಗನ್ನು ನೋಡಿಯೇ ಬೆಲೆ ಬರೆಯುತ್ತಾನೆ. ಆದರೆ ಅದೇ ವರ್ತಕನು ವೆಬ್‌ಸೈಟ್ ಮಾಡಿಸುವಾಗ ಮಾತ್ರ ಅಂಕಪಟ್ಟಿ ಹಾಗೂ ಶಿಫಾರಸುಗಳನ್ನು ನೋಡಿ ಮುಂಗಡ ಕೊಟ್ಟುಬಿಡುತ್ತಾನೆ.

ಕೌಶಲ ಪರೀಕ್ಷೆಯ ಉದ್ಯಮ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ತದನಂತರದ ಐದಾರು ವರ್ಷಗಳಲ್ಲಿ ವೆಬ್ ಡೆವಲಪರ್ ಎಂಬ ಉದ್ಯೋಗ ರೂಪುಗೊಂಡಿತು. ಇದಕ್ಕೆ ವೈದ್ಯರಿಗೆ ಅಥವಾ ಲೆಕ್ಕಪರಿಶೋಧಕರಿಗೆ ಇರುವಂತಹ ಶಾಸನಬದ್ಧ ಪರಿಷತ್ತಿಲ್ಲ, ಕಡ್ಡಾಯ ಪರವಾನಗಿಯೂ ಇಲ್ಲ. ಇಂಜಿನಿಯರಿಂಗ್ ಓದಿದವನು, ಬಿ.ಸಿ.ಎ. ಮಾಡಿದವನು, ಬಿ.ಕಾಂ. ಮುಗಿಸಿ ತಾನಾಗಿಯೇ ಕಲಿತವನು - ಎಲ್ಲರೂ ಒಂದೇ ಹುದ್ದೆಗೆ ಅರ್ಜಿ ಹಾಕುತ್ತಾರೆ. ಒಂದು ಹುದ್ದೆಗೆ ಸಾವಿರ ಅರ್ಜಿ ಬರುವಲ್ಲಿ ಎಲ್ಲರನ್ನೂ ಕರೆದು ಸಂದರ್ಶಿಸುವುದು ಅಸಾಧ್ಯವಾದ ಕಾರಣ, ಪರೀಕ್ಷೆ ನಡೆಸಿಕೊಡುವ ಪ್ರತ್ಯೇಕ ಸಂಸ್ಥೆಗಳು ಹುಟ್ಟಿಕೊಂಡವು.

ಈ ಉದ್ಯಮದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನಲ್ಲಿ 2000ದಲ್ಲಿ ಮೆರಿಟ್‌ಟ್ರ್ಯಾಕ್ ಆರಂಭವಾಯಿತು, ಮುಂದೆ ಅದು ಮಣಿಪಾಲ ಸಮೂಹಕ್ಕೆ ಸೇರಿತು. 2012ರಲ್ಲಿ ಹ್ಯಾಕರ್‌ಅರ್ತ್ ಬೆಂಗಳೂರಿನಲ್ಲಿಯೇ ಪ್ರಾರಂಭಗೊಂಡಿತು. 2009ರಲ್ಲಿ ಇಂಟರ್‌ವ್ಯೂಸ್ಟ್ರೀಟ್ ಎಂಬ ಹೆಸರಿನಿಂದ ಹೊರಟು ಹ್ಯಾಕರ್‌ರ್ಯಾಂಕ್ ಆದ ಸಂಸ್ಥೆಗೂ ಬೆಂಗಳೂರಿನಲ್ಲಿ ಕಚೇರಿಯಿದೆ. ಉತ್ತರ ಭಾರತದ ಆಸ್ಪೈರಿಂಗ್ ಮೈಂಡ್ಸ್ ಹಾಗೂ ಮೆಟ್ಲ್ ಸಂಸ್ಥೆಗಳನ್ನು ಅನುಕ್ರಮವಾಗಿ 2019ರಲ್ಲಿ ಎಸ್.ಎಚ್.ಎಲ್., 2018ರಲ್ಲಿ ಮರ್ಸರ್ ಎಂಬ ವಿದೇಶಿ ಕಂಪನಿಗಳು ಖರೀದಿಸಿದವು. ಈ ಎಲ್ಲ ಸಂಸ್ಥೆಗಳ ನಿಜವಾದ ಆಸ್ತಿ ಎಂದರೆ ಪ್ರಶ್ನೆಗಳ ಸಂಗ್ರಹ. ಬಟ್ಟೆ ಅಂಗಡಿಯಲ್ಲಿ ದಾಸ್ತಾನು ಹೇಗೋ ಇಲ್ಲಿ ಪ್ರಶ್ನೆಗಳು ಹಾಗೆ. ಹಳೆಯದಾಗುತ್ತವೆ, ಬಳಸಿ ಸವೆಯುತ್ತವೆ, ಹೊಸ ಸರಕು ನಿರಂತರವಾಗಿ ಬರುತ್ತಿರಬೇಕು. ಅದನ್ನು ಸಿದ್ಧಪಡಿಸುವವರು ಕೆಲಸದ ಒಳಹೊರಗನ್ನು ಬಲ್ಲ ಡೆವಲಪರ್‌ಗಳೇ ಆಗಿರಬೇಕು. ಐದಾರು ವರ್ಷ ಅನುಭವವಿರುವ, ಊರಿನಲ್ಲಿಯೇ ನೆಲೆಸಬಯಸುವ ತರುಣ ತರುಣಿಯರಿಗೆ ಅವಕಾಶ ಇಲ್ಲಿದೆ.

ಒಂದು ಪ್ರಶ್ನೆ ಸಿದ್ಧವಾಗುವ ಬಗೆ

ಪ್ರಶ್ನೆ ಬರೆಯುವುದೆಂದರೆ ಪಠ್ಯಪುಸ್ತಕ ತೆರೆದು ನಾಲ್ಕು ಉತ್ತರಗಳನ್ನು ಜೋಡಿಸುವುದಲ್ಲ. ಮೊದಲಿಗೆ ಆ ಹುದ್ದೆಯಲ್ಲಿರುವವನು ವಾಸ್ತವವಾಗಿ ಏನೇನು ಕೆಲಸ ಮಾಡುತ್ತಾನೆ ಎಂಬುದರ ಪಟ್ಟಿಯಾಗಬೇಕು. ಆ ಪಟ್ಟಿಯ ಆಧಾರದ ಮೇಲೆ, ಯಾವ ವಿಷಯಕ್ಕೆ ಎಷ್ಟು ಅಂಕವೆಂಬ ನಕ್ಷೆ ಸಿದ್ಧವಾಗುತ್ತದೆ. ಮನೆ ಕಟ್ಟುವ ಮುಂಚೆ ನಕ್ಷೆ ಮಾಡಿಸಿದಂತೆ ಇದು. ನಕ್ಷೆಯಿಲ್ಲದೆ ಬರೆದ ಪರೀಕ್ಷೆಯಲ್ಲಿ, ಬರೆದವನಿಗೆ ಪ್ರಿಯವಾದ ವಿಷಯದ ಮೇಲೆಯೇ ಅರ್ಧ ಪ್ರಶ್ನೆಗಳು ಬಂದುಬಿಡುತ್ತವೆ.

ಎರಡು ಉದಾಹರಣೆಗಳನ್ನು ನೋಡೋಣ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 'ನಲ್' ಎಂಬುದರ ಬಗೆ ಯಾವುದೆಂದು ಕೇಳಿದರೆ ಭಾಷೆಯು 'ಆಬ್ಜೆಕ್ಟ್' ಎಂದು ಉತ್ತರಿಸುತ್ತದೆ. ಇದು ಆ ಭಾಷೆಯಲ್ಲಿ ಆರಂಭದಿಂದಲೂ ಉಳಿದುಬಂದಿರುವ ಒಂದು ಲೋಪ. ಇದನ್ನು ಪ್ರಶ್ನೆಯಾಗಿ ಕೇಳುವವರು ಬಹಳ ಮಂದಿ. ಆದರೆ ಇದನ್ನು ಬಾಯಿಪಾಠ ಮಾಡಿದವನು ಉತ್ತರಿಸುತ್ತಾನೆ, ಹತ್ತು ವರ್ಷ ಕೆಲಸ ಮಾಡಿದವನು ಕೆಲವೊಮ್ಮೆ ತಪ್ಪುತ್ತಾನೆ. ಅದೇ ಭಾಷೆಯಲ್ಲಿ 0.1 ಮತ್ತು 0.2ನ್ನು ಕೂಡಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ಗಣಕಯಂತ್ರವು ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಸಂಗ್ರಹಿಸುವುದೇ ಇದಕ್ಕೆ ಕಾರಣ. ಇದನ್ನೂ ಹಾಗೆಯೇ ಕೇಳಿದರೆ ಮತ್ತೊಂದು ಬಾಯಿಪಾಠವಾದೀತು. ಬದಲಿಗೆ ಹೀಗೆ ಕೇಳಬಹುದು: "ಒಂದು ಬಿಲ್ಲಿನಲ್ಲಿ ತಲಾ ₹10.10 ಬೆಲೆಯ ಮೂರು ವಸ್ತುಗಳಿವೆ, ತೆರಿಗೆ ಶೇ. 5. ಪ್ರತಿ ಸಾಲಿಗೂ ತೆರಿಗೆ ಲೆಕ್ಕ ಹಾಕಿ ಪೈಸೆಗೆ ಪೂರ್ಣಗೊಳಿಸಿದರೆ ಒಟ್ಟು ತೆರಿಗೆ ₹1.53, ಒಟ್ಟು ಮೊತ್ತದ ಮೇಲೆ ಲೆಕ್ಕ ಹಾಕಿದರೆ ₹1.52. ಬಿಲ್ಲಿನ ಪುಟ ಹಾಗೂ ಮಾಸಿಕ ವರದಿ ಎರಡೂ ತಾಳೆಯಾಗಬೇಕಾದರೆ ಮೊತ್ತಗಳನ್ನು ಯಾವ ರೂಪದಲ್ಲಿ ಸಂಗ್ರಹಿಸಬೇಕು, ಯಾವ ಹಂತದಲ್ಲಿ ಪೂರ್ಣಗೊಳಿಸಬೇಕು?" ಮೊತ್ತವನ್ನು ಪೈಸೆಯ ಪೂರ್ಣಾಂಕಗಳಾಗಿ ಇಟ್ಟು, ಒಂದೇ ನಿಯಮವನ್ನು ಒಂದೇ ಕಡೆ ಅನ್ವಯಿಸಬೇಕೆಂದು ಉತ್ತರಿಸುವವನು ನಿಮ್ಮ ಅಂಗಡಿಯ ಬಿಲ್ಲಿಂಗ್ ಕೆಲಸಕ್ಕೆ ಯೋಗ್ಯನು. ಒಂದು ಪೈಸೆಯ ವ್ಯತ್ಯಾಸವೆಂದು ನಗುವವರುಂಟು; ವರ್ಷಾಂತ್ಯದಲ್ಲಿ ಎರಡು ವರದಿಗಳನ್ನು ತಾಳೆ ನೋಡಲು ಕುಳಿತ ನಮ್ಮಂತಹವರು ನಗುವುದಿಲ್ಲ.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕಿಂತ ತಪ್ಪು ಉತ್ತರಗಳನ್ನು ಬರೆಯುವುದೇ ಕಷ್ಟ. ಪ್ರತಿ ತಪ್ಪು ಆಯ್ಕೆಯೂ, ಅರೆಬರೆ ಕಲಿತವನು ನಿಜವಾಗಿ ಮಾಡುವ ತಪ್ಪಾಗಿರಬೇಕು. ಯಾರೂ ಆರಿಸದ ಹಾಸ್ಯಾಸ್ಪದ ಆಯ್ಕೆಯನ್ನು ಸೇರಿಸಿದರೆ ನಾಲ್ಕು ಆಯ್ಕೆಗಳ ಪ್ರಶ್ನೆ ಮೂರು ಆಯ್ಕೆಗಳದಾಗುತ್ತದೆ. ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು ಹೊಸಬರ ಬರವಣಿಗೆಯಲ್ಲಿ ಸಾಮಾನ್ಯ. ಜಾಣ ಅಭ್ಯರ್ಥಿ ವಿಷಯ ತಿಳಿಯದೆಯೇ ಅದನ್ನು ಆರಿಸುತ್ತಾನೆ. 40 ಪ್ರಶ್ನೆಗಳ ಪತ್ರಿಕೆಯಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ 10 ಅಂಕ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ತಪ್ಪಿಗೆ ಮೂರನೇ ಒಂದು ಅಂಕ ಕಳೆಯುವ ಪದ್ಧತಿ ಬಂದದ್ದು ಈ ಸರಾಸರಿಯನ್ನು ಸೊನ್ನೆಗೆ ತರಲೆಂದೇ.

ಬರೆದಾದ ಮೇಲೆ ಅಂಕಿಅಂಶಗಳ ಪರಿಶೀಲನೆ. 200 ಜನ ಉತ್ತರಿಸಿ 150 ಜನರದು ಸರಿಯಾಯಿತು ಎಂದಿಟ್ಟುಕೊಳ್ಳಿ. ಪ್ರಶ್ನೆಯ ಸುಲಭತೆ 0.75. ಇಷ್ಟರಿಂದಲೇ ಪ್ರಶ್ನೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲಾಗದು. ಒಟ್ಟು ಅಂಕಗಳಲ್ಲಿ ಮೇಲಿನ ಶೇ. 27 ಹಾಗೂ ಕೆಳಗಿನ ಶೇ. 27 ಜನರನ್ನು, ಅಂದರೆ ತಲಾ 54 ಜನರನ್ನು ಪ್ರತ್ಯೇಕಿಸಬೇಕು. ಈ ಶೇ. 27ರ ಸೂತ್ರವನ್ನು 1939ರಲ್ಲಿ ಟ್ರೂಮನ್ ಕೆಲ್ಲಿ ಎಂಬ ಅಮೆರಿಕದ ವಿದ್ವಾಂಸರು ಗಣಿತದಿಂದ ಸಮರ್ಥಿಸಿದರು. ಮೇಲಿನ ಗುಂಪಿನಲ್ಲಿ 50, ಕೆಳಗಿನ ಗುಂಪಿನಲ್ಲಿ 30 ಜನ ಸರಿಯಾಗಿ ಉತ್ತರಿಸಿದ್ದರೆ ವ್ಯತ್ಯಾಸ 20. ಅದನ್ನು 54ರಿಂದ ಭಾಗಿಸಿದರೆ 0.37. ಇದು ಒಪ್ಪತಕ್ಕ ಪ್ರಶ್ನೆ. ಜಾಣರು ತಪ್ಪಿ ದಡ್ಡರು ಸರಿಯಾಗಿ ಉತ್ತರಿಸಿದ್ದರೆ ಈ ಸಂಖ್ಯೆ ಋಣಾತ್ಮಕವಾಗುತ್ತದೆ. ಅಂತಹ ಸಂದರ್ಭದಲ್ಲಿ ಅಭ್ಯರ್ಥಿಗಳನ್ನು ದೂರುವ ಮೊದಲು ಉತ್ತರಸೂಚಿಯನ್ನು ಪರಿಶೀಲಿಸಬೇಕು. ಬಹುತೇಕ ಅಲ್ಲಿಯೇ ತಪ್ಪಿರುತ್ತದೆ.

ತೇರ್ಗಡೆಯ ಅಂಕ 35 ಎಂದೋ 60 ಎಂದೋ ಕೈಗೆ ಬಂದಂತೆ ಇಡುವುದು ನಮ್ಮ ರೂಢಿ. ವಿಲಿಯಂ ಆಂಗಾಫ್ ಅವರು 1971ರಲ್ಲಿ ಸೂಚಿಸಿದ ಕ್ರಮವು ಹೆಚ್ಚು ನ್ಯಾಯಯುತ. ವಿಷಯ ಬಲ್ಲ ಹಲವರನ್ನು ಕೂರಿಸಿ, "ಈ ಹುದ್ದೆಗೆ ಕಷ್ಟಪಟ್ಟು ಸಾಕಾಗುವಂತಹ ನೂರು ಜನರಲ್ಲಿ ಎಷ್ಟು ಮಂದಿ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿಯಾರು?" ಎಂದು ಪ್ರತಿ ಪ್ರಶ್ನೆಗೂ ಕೇಳಲಾಗುತ್ತದೆ. ಆ ಅಂದಾಜುಗಳ ಸರಾಸರಿಯನ್ನು ಎಲ್ಲ ಪ್ರಶ್ನೆಗಳಿಗೂ ಕೂಡಿದಾಗ ಬರುವ ಮೊತ್ತವೇ ತೇರ್ಗಡೆಯ ಗಡಿ.

ಭಾಷೆಯ ಪ್ರಶ್ನೆ

ನಮ್ಮ ಭಾಗದ ಅಭ್ಯರ್ಥಿಗಳಿಗೆ ಅತ್ಯಂತ ಹಾನಿ ಮಾಡುತ್ತಿರುವುದು ತಾಂತ್ರಿಕ ಅಜ್ಞಾನವಲ್ಲ, ಪ್ರಶ್ನೆಯ ಇಂಗ್ಲಿಷ್ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊನ್ನಾವರದ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಯು ಅಚ್ಚುಕಟ್ಟಾಗಿ ಕೋಡ್ ಬರೆಯಬಲ್ಲಳು. ಆದರೆ ಅಮೆರಿಕದಲ್ಲಿ ಸಿದ್ಧವಾದ ಪರೀಕ್ಷೆಯು ಬೇಸ್‌ಬಾಲ್ ಪಂದ್ಯದ ಅಂಕಪಟ್ಟಿಯನ್ನು ಕೊಟ್ಟು, ಎರಡು ನಿಷೇಧಗಳಿರುವ ಒಂದು ಉದ್ದನೆಯ ವಾಕ್ಯದಲ್ಲಿ ಪ್ರಶ್ನೆ ಕೇಳಿ, ಎರಡು ನಿಮಿಷದ ಗಡಿಯಾರ ಇಟ್ಟಿರುತ್ತದೆ. ಒಂದೂವರೆ ನಿಮಿಷ ಪಂದ್ಯವನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಹೋಗುತ್ತದೆ. ಅದೇ ಲೆಕ್ಕವನ್ನು ಬಸ್ಸಿನ ವೇಳಾಪಟ್ಟಿಯ ಮೇಲೆ ಸಣ್ಣ ವಾಕ್ಯಗಳಲ್ಲಿ ಕೇಳಿದರೆ ಅಳೆಯಬೇಕಾದ ಕೌಶಲಕ್ಕೇನೂ ಕುಂದಾಗದು. ಒಟ್ಟು ಅಂಕ ಸಮನಾಗಿರುವ ಎರಡು ಗುಂಪುಗಳಲ್ಲಿ ಒಂದು ಗುಂಪು ಮಾತ್ರ ನಿರ್ದಿಷ್ಟ ಪ್ರಶ್ನೆಯೊಂದರಲ್ಲಿ ಎಡವುತ್ತಿದ್ದರೆ ಆ ಪ್ರಶ್ನೆ ಬೇರೇನನ್ನೋ ಅಳೆಯುತ್ತಿದೆ ಎಂದು ಕಂಡುಹಿಡಿಯುವ ವಿಧಾನ ದೊಡ್ಡ ಸಂಸ್ಥೆಗಳಲ್ಲಿದೆ. ಆದರೆ ಅದು ಸಾವಿರಾರು ಜನ ಬರೆದ ಮೇಲೆ ತಿಳಿಯುವಂಥದು. ಅಷ್ಟರಲ್ಲಿ ಅನೇಕರ ಕೆಲಸ ಕೈತಪ್ಪಿರುತ್ತದೆ. ಬರೆಯುವ ಕೈಯಲ್ಲಿಯೇ ಎಚ್ಚರವಿದ್ದರೆ ಇದು ತಪ್ಪುತ್ತದೆ. ಕುಮಟೆಯಲ್ಲಿ ಕುಳಿತು ಪ್ರಶ್ನೆ ಬರೆಯುವವರು ಬೇಕು ಎನ್ನುವುದಕ್ಕೆ ಇದೇ ಕಾರಣ ಸಾಕು.

ಇನ್ನೊಂದು ಕಾರಣವೂ ಉಂಟು. ಭಟ್ಕಳದ ಸಾಹಿಲ್ ಆನ್‌ಲೈನ್ ಎಂಬ ಸುದ್ದಿತಾಣವು ಇಂಗ್ಲಿಷ್, ಕನ್ನಡ ಹಾಗೂ ಉರ್ದು ಭಾಷೆಗಳಲ್ಲಿ ಪ್ರಕಟವಾಗುತ್ತ ಬಂದಿದೆ. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ, ಕನ್ನಡ ಒತ್ತಕ್ಷರಗಳ ಲಿಪಿ. ಇವೆರಡನ್ನೂ ಒಂದೇ ತಾಣದಲ್ಲಿ ಸರಿಯಾಗಿ ಮೂಡಿಸುವುದು ಸಾಮಾನ್ಯ ಡೆವಲಪರ್‌ನ ಕೆಲಸವಲ್ಲ. 'ಹೊನ್ನಾವರ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ನಾಲ್ಕು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಅದು ಎಂಟು ಸಂಕೇತಗಳು, ಯು.ಟಿ.ಎಫ್.-8 ಕ್ರಮದಲ್ಲಿ ಸಂಗ್ರಹಿಸಿದರೆ 24 ಬೈಟ್‌ಗಳು. ಊರಿನ ಹೆಸರಿಗೆ 20 ಬೈಟ್ ಮೀಸಲಿಟ್ಟ ಅರ್ಜಿ ನಮೂನೆಯು ಆಂಗ್ಲ ಭಾಷೆಯ ಹೊನ್ನಾವರವನ್ನು ಸ್ವೀಕರಿಸಿ ಕನ್ನಡದ ಹೊನ್ನಾವರವನ್ನು ತಿರಸ್ಕರಿಸುತ್ತದೆ ಅಥವಾ ನಡುವೆ ಕತ್ತರಿಸುತ್ತದೆ. "ಇದೇಕೆ ಹೀಗಾಯಿತು, ಸರಿಪಡಿಸುವುದು ಹೇಗೆ?" ಎಂಬುದು ಉತ್ಕೃಷ್ಟವಾದ ಪರೀಕ್ಷಾ ಪ್ರಶ್ನೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿದ್ದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಬಲ್ಲ ನಮ್ಮ ಹುಡುಗರಿಗೆ ಇದು ನಿತ್ಯದ ಅನುಭವ. ಕ್ಯಾಲಿಫೋರ್ನಿಯಾದ ಪ್ರಶ್ನಕಾರನಿಗೆ ಹೊಳೆಯುವಂಥದ್ದಲ್ಲ.

ಸೋರಿಕೆ

ಪ್ರಶ್ನೆಯ ಆಯಸ್ಸು ಈಗ ಬಹಳ ಕಡಿಮೆಯಾಗಿದೆ. ಅಪ್‌ವರ್ಕ್ ತಾಣವು ತನ್ನ ಕೌಶಲ ಪರೀಕ್ಷೆಗಳನ್ನು 2019ರಲ್ಲಿ ಕೈಬಿಟ್ಟಿತು. ಲಿಂಕ್ಡ್‌ಇನ್ ಅದೇ ವರ್ಷ ಆರಂಭಿಸಿದ ಪರೀಕ್ಷೆಗಳ ಉತ್ತರಗಳು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಸಿಗುವಂತಾದವು, 2023ರಲ್ಲಿ ಆ ಪರೀಕ್ಷೆಗಳೂ ನಿಂತವು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ನಾಲ್ಕು ಆಯ್ಕೆಗಳ ಪ್ರಶ್ನೆಗೆ ಯಂತ್ರವೇ ಕ್ಷಣಮಾತ್ರದಲ್ಲಿ ಉತ್ತರಿಸುತ್ತದೆ. ಇದರಿಂದ ಪ್ರಶ್ನಕಾರರ ಕೆಲಸ ಇಲ್ಲವಾಗಲಿಲ್ಲ, ಬದಲಾಯಿತು. ದೋಷವಿರುವ ದೊಡ್ಡ ಕೋಡನ್ನು ಕೊಟ್ಟು ಸರಿಪಡಿಸಿಸುವುದು, ಯಂತ್ರ ಬರೆದ ಕೋಡಿನಲ್ಲಿ ತಪ್ಪು ಹುಡುಕಿಸುವುದು, ಮಾಡಿದ್ದನ್ನು ಬಾಯಿಮಾತಿನಲ್ಲಿ ವಿವರಿಸಲು ಹೇಳುವುದು - ಈ ಬಗೆಯ ಪ್ರಶ್ನೆಗಳಿಗೆ ಬೇಡಿಕೆ ಬಂದಿದೆ. ಇವನ್ನು ಬರೆಯಲು ಹೆಚ್ಚು ಸಮಯ ಬೇಕು. ಯಂತ್ರದಿಂದ ಪ್ರಶ್ನೆ ಬರೆಯಿಸಿ ತನ್ನದೆಂದು ಕೊಡುವ ಆಸೆಯನ್ನು ಮಾತ್ರ ಬಿಡತಕ್ಕದ್ದು. ಒಪ್ಪಂದದಲ್ಲಿ ಸ್ವಂತ ರಚನೆಯೆಂದು ಘೋಷಿಸಿ ಸಹಿ ಮಾಡಿರುತ್ತೀರಿ ಎಂಬುದು ನೆನಪಿರಲಿ.

ವರ್ತಕರು ಮಾಡಬಹುದಾದುದು

ವೆಬ್‌ಸೈಟ್ ಮಾಡಿಸುವ ಸದಸ್ಯರಿಗೆ ಇಷ್ಟೆಲ್ಲ ಶಾಸ್ತ್ರ ಅನಗತ್ಯ. 1998ರಲ್ಲಿ ಫ್ರಾಂಕ್ ಶ್ಮಿಟ್ ಹಾಗೂ ಜಾನ್ ಹಂಟರ್ ಅವರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, ನೌಕರನ ಮುಂದಿನ ಕಾರ್ಯಕ್ಷಮತೆಯನ್ನು ಊಹಿಸುವಲ್ಲಿ ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದಕ್ಕೆ 0.54, ಕೇವಲ ಅನುಭವದ ವರ್ಷಗಳಿಗೆ 0.18 ಎಂದು ತೋರಿಸಿದರು. 2022ರಲ್ಲಿ ಪಾಲ್ ಸಾಕೆಟ್ ಮತ್ತು ಸಂಗಡಿಗರು ಮರುಲೆಕ್ಕ ಮಾಡಿ ಮೊದಲನೆಯದನ್ನು 0.33ಕ್ಕೆ ಇಳಿಸಿದರು, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವ ಕ್ರಮಬದ್ಧ ಸಂದರ್ಶನಕ್ಕೆ 0.42 ಬಂದಿತು. ಹೀಗಾಗಿ ಎರಡನ್ನೂ ಸೇರಿಸಿಕೊಳ್ಳುವುದು ಒಳಿತು. ನಿಮ್ಮ ಹತ್ತು ಸರಕುಗಳ ಪಟ್ಟಿ ಕೊಟ್ಟು, ಕನ್ನಡ ಹಾಗೂ ಇಂಗ್ಲಿಷ್‌ನಲ್ಲಿ ಬೆಲೆ ತೋರಿಸುವ, ಸಾಧಾರಣ ಮೊಬೈಲ್‌ನಲ್ಲಿ ಬೇಗ ತೆರೆದುಕೊಳ್ಳುವ ಒಂದು ಪುಟವನ್ನು ಅರ್ಧ ದಿನದಲ್ಲಿ ಮಾಡಿಸಿರಿ. ಮಾಡಿದ್ದನ್ನು ಎದುರಿಗೆ ಕುಳಿತು ಬದಲಿಸಲು ಹೇಳಿರಿ. ಅರ್ಧ ದಿನದ ಕೂಲಿಯನ್ನು, ಆಯ್ಕೆಯಾದರೂ ಆಗದಿದ್ದರೂ, ಕೊಟ್ಟುಬಿಡಿ. ಪರೀಕ್ಷೆಯ ನೆಪದಲ್ಲಿ ನಾಲ್ಕು ಜನರಿಂದ ನಾಲ್ಕು ಪುಟ ಪುಕ್ಕಟೆ ಮಾಡಿಸಿಕೊಂಡು ಜೋಡಿಸುವ ಚಾತುರ್ಯ ಕೆಲವು ಕಡೆ ಕಂಡುಬರುತ್ತಿದೆ, ಅದು ವ್ಯಾಪಾರವಲ್ಲ.

ಡೆವಲಪರ್‌ನು ಉದ್ಯಮ್ ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ಘಟಕವಾಗಿದ್ದಲ್ಲಿ, 2006ರ ಎಂ.ಎಸ್.ಎಂ.ಇ. ಕಾಯ್ದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು. ಪಾವತಿಸದೆ ವರ್ಷ ಮುಗಿದರೆ, 2023ರ ಹಣಕಾಸು ಕಾಯ್ದೆಯು ಸೇರಿಸಿದ 43ಬಿ(ಎಚ್) ವಿಧಿಯ ಪ್ರಕಾರ ಆ ಖರ್ಚು ಆ ವರ್ಷದ ಲಾಭದಿಂದ ಕಳೆಯಲು ಸಿಗುವುದಿಲ್ಲ.

ಪ್ರಶ್ನಕಾರರ ಲೆಕ್ಕಪತ್ರ

ಮೊದಲು ದುಡಿಮೆಯ ನಿಜವಾದ ದರವನ್ನು ತಿಳಿದುಕೊಳ್ಳಬೇಕು. ಉದಾಹರಣೆಗೆ, ಅಂಗೀಕೃತ ಪ್ರಶ್ನೆಯೊಂದಕ್ಕೆ ₹800 ಎಂದು ಒಪ್ಪಂದವಾಗಿದೆ ಎನ್ನೋಣ. ಕೇಳಲು ಚೆಂದ. 40 ಪ್ರಶ್ನೆ ಕಳುಹಿಸಿ 28 ಅಂಗೀಕೃತವಾದರೆ ಬಂದದ್ದು ₹22,400. ಪ್ರತಿ ಪ್ರಶ್ನೆಗೆ ಒಂದೂವರೆ ಗಂಟೆಯಂತೆ 60 ಗಂಟೆ, ತಿದ್ದುಪಡಿಗೆ 10 ಗಂಟೆ. ಒಟ್ಟು 70 ಗಂಟೆ. ಗಂಟೆಗೆ ₹320 ಆಯಿತು. ತಿರಸ್ಕೃತವಾದ 12 ಪ್ರಶ್ನೆಗಳ ಹಕ್ಕು ಯಾರದು ಎಂಬುದನ್ನು ಒಪ್ಪಂದದಲ್ಲಿ ಅವಶ್ಯ ನೋಡಿಕೊಳ್ಳಿರಿ. ಹಣ ಕೊಡದೆ ಹಕ್ಕನ್ನು ಮಾತ್ರ ಇಟ್ಟುಕೊಳ್ಳುವ ಷರತ್ತುಗಳನ್ನು ನಾನು ಓದಿದ್ದೇನೆ.

ಹಕ್ಕಿನ ಬಗ್ಗೆ 1957ರ ಕೃತಿಸ್ವಾಮ್ಯ ಕಾಯ್ದೆ ಸ್ಪಷ್ಟವಾಗಿದೆ. ನೌಕರನು ತನ್ನ ನೌಕರಿಯ ಭಾಗವಾಗಿ ಬರೆದುದಕ್ಕೆ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದರೆ, ಮಾಲೀಕನೇ ಮೊದಲ ಹಕ್ಕುದಾರ. ಸ್ವತಂತ್ರವಾಗಿ ಬರೆದವನ ಹಕ್ಕು, ಅವನು ಸಹಿ ಮಾಡಿದ ಲಿಖಿತ ಪತ್ರದಿಂದ ಮಾತ್ರ ವರ್ಗಾವಣೆಯಾಗುತ್ತದೆ. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು 19ನೆಯ ವಿಧಿ ಭಾವಿಸುತ್ತದೆ. ಬೇರೆ ಕಡೆ ಸಂಬಳಕ್ಕಿರುವವರು ತಮ್ಮ ನೇಮಕಾತಿ ಪತ್ರವನ್ನೂ ಓದಬೇಕು. 2022ರಲ್ಲಿ ವಿಪ್ರೊ ಸಂಸ್ಥೆಯು ಪ್ರತಿಸ್ಪರ್ಧಿಗಳಿಗೆ ಗುಟ್ಟಾಗಿ ಕೆಲಸ ಮಾಡುತ್ತಿದ್ದರೆಂಬ ಕಾರಣಕ್ಕೆ 300 ಮಂದಿಯನ್ನು ತೆಗೆದುಹಾಕಿದ ಸಂಗತಿ ಎಲ್ಲರಿಗೂ ತಿಳಿದಿದೆ. ಬರವಣಿಗೆಯಲ್ಲಿ ಅನುಮತಿ ಪಡೆಯುವುದೇ ಕ್ಷೇಮ.

ಆದಾಯ ತೆರಿಗೆಯ ದೃಷ್ಟಿಯಿಂದ ಇದು ವೃತ್ತಿಯ ಆದಾಯ. ಸಂಬಳವೂ ಅಲ್ಲ, 'ಇತರ ಮೂಲ'ವೂ ಅಲ್ಲ. 2001ರಲ್ಲಿಯೇ ಮಾಹಿತಿ ತಂತ್ರಜ್ಞಾನವು ಅಧಿಸೂಚಿತ ವೃತ್ತಿಗಳ ಪಟ್ಟಿಗೆ ಸೇರಿದೆ. ಪ್ರಶ್ನೆ ಬರೆಯುವುದು ಲೇಖಕನ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಡೆವಲಪರ್‌ನ ಪರಿಣತಿಯಿಲ್ಲದೆ ಆ ಬರವಣಿಗೆ ಸಾಧ್ಯವೇ ಇಲ್ಲವಾದ ಕಾರಣ ಅದು ಆ ವೃತ್ತಿಯ ವ್ಯಾಪ್ತಿಯಲ್ಲಿಯೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾದಾಗ 1961ರ ಕಾಯ್ದೆಯ 44ಎಡಿಎ ವಿಧಿಯಂತೆ, ವಾರ್ಷಿಕ ಸ್ವೀಕೃತಿ ₹50 ಲಕ್ಷದೊಳಗಿದ್ದರೆ, ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದಲ್ಲಿ ₹75 ಲಕ್ಷದೊಳಗಿದ್ದರೆ, ಅರ್ಧದಷ್ಟನ್ನು ಲಾಭವೆಂದು ಘೋಷಿಸಿ ವಿವರವಾದ ಲೆಕ್ಕಪುಸ್ತಕಗಳಿಂದ ಮುಕ್ತರಾಗಬಹುದು. ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ರಚಿತವಾಗಿದ್ದು, ವಿಧಿಗಳ ಸಂಖ್ಯೆಗಳು ಬದಲಾಗಿವೆ. ಈ ಸೌಲಭ್ಯ ಅಲ್ಲಿಯೂ ಮುಂದುವರಿದಿದೆ. ಸಂಬಳದ ಜೊತೆಗೆ ಈ ಆದಾಯವುಳ್ಳವರು ಒಂದನೆಯ ನಮೂನೆಯಲ್ಲಿ ರಿಟರ್ನ್ ಸಲ್ಲಿಸುವಂತಿಲ್ಲ. ಅಮೆರಿಕದ ಕಂಪನಿಗಳು ಡಬ್ಲ್ಯು-8ಬಿಇಎನ್ ಎಂಬ ನಮೂನೆಯನ್ನು ಕೇಳುತ್ತವೆ. ಹೆದರುವ ಕಾರಣವಿಲ್ಲ, ತಾನು ಅಮೆರಿಕದ ನಿವಾಸಿಯಲ್ಲವೆಂದು ವ್ಯಕ್ತಿಯು ನೀಡುವ ಘೋಷಣೆ ಅದು.

ಜಿ.ಎಸ್.ಟಿ. ವಿಷಯದಲ್ಲಿ ಮಾತ್ರ ಹೆಚ್ಚಿನ ಜಾಗ್ರತೆ ಅವಶ್ಯ. ಸೇವೆಗಳಿಗೆ ನೋಂದಣಿಯ ಮಿತಿ ₹20 ಲಕ್ಷ. ಹೊರರಾಜ್ಯಗಳಿಗೆ ಸೇವೆ ಒದಗಿಸುವವರಿಗೂ 2017ರ ಅಕ್ಟೋಬರ್ ಅಧಿಸೂಚನೆಯಿಂದ ಇದೇ ಮಿತಿ ದೊರೆತಿದೆ. ವಿದೇಶಿ ಗ್ರಾಹಕನಿಗೆ ಒದಗಿಸಿ ವಿದೇಶಿ ವಿನಿಮಯದಲ್ಲಿ ಹಣ ಪಡೆದ ಸೇವೆ ರಫ್ತು, ಅದಕ್ಕೆ ಶೂನ್ಯ ದರ. ನೋಂದಾಯಿತರು ಪ್ರತಿ ಆರ್ಥಿಕ ವರ್ಷಕ್ಕೂ ಎಲ್.ಯು.ಟಿ. ಎಂಬ ಮುಚ್ಚಳಿಕೆಯನ್ನು ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಬೆಂಗಳೂರಿನ ಸಂಸ್ಥೆಗೆ ಬರೆದುಕೊಟ್ಟರೆ ಅದು ರಫ್ತಲ್ಲ, ನೋಂದಾಯಿತರು ಶೇ. 18 ತೆರಿಗೆ ವಿಧಿಸಬೇಕು.

ತೊಂದರೆ ಬರುವುದು ತಂದೆಯ ತರುವಾಯ ಅಂಗಡಿಯನ್ನು ತನ್ನ ಹೆಸರಿಗೆ ಮಾಡಿಕೊಂಡು, ಸಂಜೆಯ ಹೊತ್ತು ಪ್ರಶ್ನೆ ಬರೆಯುವ ತರುಣರಿಗೆ. ಜಿ.ಎಸ್.ಟಿ. ಕಾಯ್ದೆ ಪಾನ್ ಸಂಖ್ಯೆಯನ್ನು ನೋಡುತ್ತದೆಯೇ ಹೊರತು ವ್ಯವಹಾರದ ಹೆಸರನ್ನಲ್ಲ. ಕಿರಾಣಿ ಅಂಗಡಿಯ ವಹಿವಾಟು ಹಾಗೂ ಡಾಲರ್ ಆದಾಯ ಎರಡನ್ನೂ ಕೂಡಿಯೇ ವಹಿವಾಟಿನ ಮಿತಿ ನೋಡಬೇಕು. ಅಂಗಡಿ ನೋಂದಾಯಿತವಾಗಿದ್ದರೆ ಪ್ರಶ್ನೆಗಳ ರಫ್ತನ್ನೂ ಅದೇ ರಿಟರ್ನ್‌ನಲ್ಲಿ ತೋರಿಸಬೇಕು. ಅಂಗಡಿಯು ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿಯಲ್ಲಿದ್ದರಂತೂ ಪರಿಣಾಮ ಗಂಭೀರ. ಆ ಪದ್ಧತಿಯಲ್ಲಿರುವವರು ಅಂತರರಾಜ್ಯ ಸರಬರಾಜು ಮಾಡುವಂತಿಲ್ಲ. 2020ರ ಹಣಕಾಸು ಕಾಯ್ದೆಯು ಈ ನಿರ್ಬಂಧವನ್ನು ಸೇವೆಗಳಿಗೂ ವಿಸ್ತರಿಸಿತು. ಸೇವೆಯ ರಫ್ತನ್ನು ಕಾನೂನು ಅಂತರರಾಜ್ಯ ಸರಬರಾಜೆಂದೇ ಪರಿಗಣಿಸುತ್ತದೆ. ತಿಂಗಳಿಗೆ ಇನ್ನೂರು ಡಾಲರ್‌ನ ಆಸೆಗೆ ಇಡೀ ಅಂಗಡಿಯ ರಾಜಿ ತೆರಿಗೆ ಸೌಲಭ್ಯ ಕೈಬಿಟ್ಟು ಹೋಗಿ, ಹಿಂದಿನ ದಿನಾಂಕದಿಂದ ಪೂರ್ಣ ದರದ ತೆರಿಗೆ, ಬಡ್ಡಿ, ದಂಡಗಳ ನೋಟಿಸು ಬರುವ ಸಂಭವವಿದೆ. ಇಂತಹ ಕುಟುಂಬಗಳಲ್ಲಿ ಪ್ರಶ್ನೆ ಬರೆಯುವ ಕೆಲಸವನ್ನು ಅಂಗಡಿಯ ಮಾಲೀಕರಲ್ಲದ, ನಿಜವಾಗಿ ಆ ಕೆಲಸ ಮಾಡುವ ಬೇರೆ ಸದಸ್ಯರು ತಮ್ಮ ಪಾನ್ ಸಂಖ್ಯೆಯಲ್ಲಿ, ತಮ್ಮದೇ ಬ್ಯಾಂಕ್ ಖಾತೆಯಲ್ಲಿ ನಿರ್ವಹಿಸಬಹುದು. ಮಾಲೀಕರೇ ಬರೆಯುವವರಾಗಿದ್ದರೆ, ಮೊದಲ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ರಾಜಿ ಪದ್ಧತಿಯಿಂದ ಹೊರಬರುವ ಅರ್ಜಿ ಸಲ್ಲಿಸಬೇಕು. ಬಂದ ಪ್ರತಿ ಡಾಲರ್ ಮೊತ್ತಕ್ಕೂ ಬ್ಯಾಂಕಿನಿಂದ ವಿದೇಶಿ ಹಣ ಸ್ವೀಕೃತಿಯ ಪತ್ರವನ್ನು ಆಗಿಂದಾಗಲೇ ಪಡೆದು ಇನ್‌ವಾಯ್ಸ್‌ನೊಂದಿಗೆ ಲಗತ್ತಿಸಿಡಿ. ಮುಂದಿನ ವರ್ಷದ ಎಲ್.ಯು.ಟಿ.ಯನ್ನು ಮಾರ್ಚ್ 31ರೊಳಗೆ ಸಲ್ಲಿಸತಕ್ಕದ್ದು.